ಕೊನೆಯ ಪುಟದಲ್ಲಿ ಇಲ್ಲದ ಮಾತು

ಹೊಸ ಪುಸ್ತಕ ಓದುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಹೀಗೆಂದರೆ ಜನ ನನ್ನನ್ನು ಏನೋ ಕೆಟ್ಟ ಚಟ ಒಪ್ಪಿಕೊಂಡವನನ್ನು ನೋಡುವ ಹಾಗೆ ನೋಡುತ್ತಾರೆ. ನೋಡಲಿ. ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಪ್ರೂಫ್ ನೋಡಿದವನು ನಾನು. ಶಾಯಿ ಆರದ ಪುಸ್ತಕಗಳನ್ನು ಹೊಟ್ಟೆಪಾಡಿಗಾಗಿ ಎಷ್ಟು ಓದಿದ್ದೇನೆಂದರೆ, ನಿವೃತ್ತನಾದ ದಿನವೇ ಇನ್ನು ಸಾಕು ಎಂದುಬಿಟ್ಟೆ. ಯಾರಾದರೂ ಪ್ರೀತಿಯಿಂದ ಹೊಸ ಪುಸ್ತಕ ಕೊಟ್ಟರೆ ಅದು ಒಂದೇ ವಾರದಲ್ಲಿ ನಮ್ಮ ಇಗರ್ಜಿಯ ಗ್ರಂಥಾಲಯಕ್ಕೆ ಹೋಗುತ್ತದೆ. ಕೊಟ್ಟವರು ಅದನ್ನು ಅಲ್ಲಿ ಕಂಡು ಮುನಿಸಿಕೊಂಡದ್ದೂ ಉಂಟು.

ನನಗೆ ಬೇಕಾದವು ಹಳೆಯ ಕಾದಂಬರಿಗಳು, ಹಳೆಯ ಕಥಾಸಂಕಲನಗಳು. ನಮ್ಮ ಫ್ಲ್ಯಾಟಿನ ಹಜಾರದಲ್ಲಿ ಒಂದು ಕಪಾಟು ತುಂಬ ಅವೇ ಇವೆ. ಅವುಗಳ ಬಗ್ಗೆ ಜಗಳವಾಡುವವರು ಈಗ ಯಾರೂ ಇಲ್ಲ. ಹೊಗಳಿದವರೂ ಬೈದವರೂ ಸುಮ್ಮನಾಗಿದ್ದಾರೆ. ಅಭಿಪ್ರಾಯ ಹೇಳಿ ಎಂದು ಯಾರೂ ಬೆನ್ನು ಹತ್ತುವುದಿಲ್ಲ. ಆ ಕಥೆಗಳಲ್ಲಿ ಜನ ಕಾಗದ ಬರೆದು ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾರೆ, ನೆಂಟರು ಬಂದರೆ ನಾಲ್ಕು ಪುಟ ಅಡುಗೆಯೇ ನಡೆಯುತ್ತದೆ. ಕೊನೆಯಲ್ಲಿ ಒಂದು ಒಪ್ಪೋಲೆ ಇರುತ್ತದೆ, ಅಚ್ಚಿನ ತಪ್ಪುಗಳನ್ನು ವಿನಯದಿಂದ ಒಪ್ಪಿಕೊಳ್ಳುವ ಹಾಳೆ. ಈಗಿನ ಪುಸ್ತಕಗಳಲ್ಲಿ ತಪ್ಪುಗಳು ಉಂಟು, ಒಪ್ಪೋಲೆ ಇಲ್ಲ. ಹಿಂದೆ ಓದಿದವರ ಪೆನ್ಸಿಲ್ ಬರಹಗಳೂ ನನಗೆ ಇಷ್ಟ. ನನ್ನಲ್ಲಿರುವ ಒಂದು ಕಾದಂಬರಿಯ ಉದ್ದಕ್ಕೂ, ನಾಯಕ ಪ್ರೇಮದ ಮಾತಾಡಿದಲ್ಲೆಲ್ಲ, ಯಾರೋ ಪುಣ್ಯಾತ್ಗಿತ್ತಿ ಅಂಚಿನಲ್ಲಿ 'ಸುಳ್ಳು' ಎಂದು ಬರೆದಿದ್ದಾಳೆ. ಹೆಂಗಸೇ ಎಂದು ನನಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಗೊತ್ತು.

ಈ ಪುಸ್ತಕಗಳನ್ನು ನಾನು ಒಬ್ಬನೇ ಓದುವುದಿಲ್ಲ. ನನ್ನ ಹೆಂಡತಿ ನರ್ಸು. ಗಲ್ಫಿನ ಆಸ್ಪತ್ರೆಯೊಂದರಲ್ಲಿ, ವಯಸ್ಸಾದವರ ವಾರ್ಡಿನಲ್ಲಿ, ಹದಿನೆಂಟು ವರ್ಷ ಕೆಲಸ ಮಾಡಿ ಬಂದವಳು. ಮನೆಯಲ್ಲಿ ನಮ್ಮ ಮಾತು ಕೊಂಕಣಿ; ಪುಸ್ತಕದ ವಿಷಯ ಬಂದರೆ ಮಾತ್ರ ಇಬ್ಬರೂ ತಮಗೆ ಗೊತ್ತಿಲ್ಲದೆಯೇ ಕನ್ನಡಕ್ಕೆ ಹೊರಳುತ್ತೇವೆ. ಅವಳು ಕನ್ನಡ ಓದುತ್ತಾಳೆ, ಆದರೆ ಬೆರಳಿಟ್ಟು ನಿಧಾನಕ್ಕೆ. ಹಾಗಾಗಿ ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ನಾನು ಗಟ್ಟಿಯಾಗಿ ಓದಬೇಕು, ಅವಳು ಕ್ರೋಶ ಕಡ್ಡಿ ಹಿಡಿದು ಮೇಜಿನ ಹಾಸು ಹೆಣೆಯುತ್ತಾ ಕೇಳಬೇಕು. ಅವಳು ಊರಿಗೆ ಬಂದ ವರ್ಷದಿಂದ ಹೀಗೆ ನಡೆದಿದೆ. ನಲವತ್ತು ಪುಸ್ತಕಗಳನ್ನು ಸುತ್ತಿ ಸುತ್ತಿ ಓದಿದ್ದೇವೆ. ಯಾರು ಸಾಯುತ್ತಾರೆಂದು ಇಬ್ಬರಿಗೂ ಗೊತ್ತಿರುತ್ತದೆ, ಆದರೂ ಆ ಪುಟ ಬಂದಾಗ ಕ್ರೋಶ ಕಡ್ಡಿ ನಿಲ್ಲುತ್ತದೆ.

ಹೋದ ವರ್ಷ ಮಳೆಗಾಲದ ಮೊದಲು ಒಂದು ಸಂಜೆ ನಮಗಿಬ್ಬರಿಗೂ ಇಷ್ಟವಾದ ಕಾದಂಬರಿಯೊಂದರ ಕೊನೆಗೆ ಬಂದಿದ್ದೆವು. ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡು ಹನ್ನೊಂದು ವರ್ಷ ಮಾತು ಬಿಟ್ಟ ಇಬ್ಬರು ಓರಗಿತ್ತಿಯರ ಕಥೆ ಅದು. ಕೊನೆಯ ಪುಟದಲ್ಲಿ ಕಿರಿಯವಳು ಒಂದು ಬಟ್ಟಲು ಹಿಡಿದು ಹಿರಿಯವಳ ಬಾಗಿಲಿಗೆ ಬರುತ್ತಾಳೆ. ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮೊಸರು ಕೇಳುತ್ತಾಳೆ. ಹಿರಿಯವಳು ಒಳಗೆ ಹೋಗಿ ತಂದು ಕೊಡುತ್ತಾಳೆ. ಆಮೇಲೆ, "ಒಳಗೆ ಬಾ, ನಿಂತೇ ಹೋಗಬೇಡ" ಎನ್ನುತ್ತಾಳೆ. ನಾನು ಇಷ್ಟನ್ನು ಓದಿ ಮುಗಿಸಿದೆ.

"ಅಲ್ಲಿ ಹಾಗೆ ಇಲ್ಲ" ಎಂದಳು ಹೆಂಡತಿ.

"ಎಂತ ಇಲ್ಲ?"

"ಒಳಗೆ ಬಾ ಅಂತ ಹೇಳುದಿಲ್ಲ ಅವಳು. ಮೊಸರು ಕೊಟ್ಟು ಬಾಗಿಲು ಹಾಕ್ತಾಳೆ. ಮೊದಲ ಸಲ ಓದಿದಾಗ ನನಗೆ ಎಷ್ಟು ಬೇಜಾರಾಗಿತ್ತು ಅಂತ ನನಗೆ ನೆನಪುಂಟು."

ಮೂವತ್ತು ವರ್ಷ ಪ್ರೂಫ್ ನೋಡಿದವನಿಗೆ ಹೀಗೆ ಹೇಳುವುದೆಂದರೆ! ನನಗೆ ಸಿಟ್ಟು ಬಂತು. ಪುಸ್ತಕವನ್ನು ದೀಪದ ಹತ್ತಿರ ಹಿಡಿದು ಮತ್ತೆ ನೋಡಿದೆ. ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು, ಅಕ್ಷರಗಳು ಮಾಸಿದ್ದವು, ಆದರೆ "ಒಳಗೆ ಬಾ" ಇತ್ತು. ನಾನು ಕಣ್ಣಾರೆ ಕಂಡೆ. "ಇಲ್ಲೇ ಉಂಟಲ್ಲ, ನೋಡು" ಎಂದು ಬೆರಳಿಟ್ಟು ತೋರಿಸಿದೆ.

ಅವಳು ಪುಸ್ತಕ ತೆಗೆದುಕೊಂಡು, ನಾನು ತೋರಿಸಿದ ಜಾಗದಲ್ಲೇ ತನ್ನ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. 'ಬಟ್ಟಲು ಕೊಟ್ಟಳು. ಬಾಗಿಲು ಹಾಕಿಕೊಂಡಳು.' ಅಷ್ಟೇ. ಓದಿ ನನ್ನ ಮುಖ ನೋಡಿದಳು. ಜಗಳದಲ್ಲಿ ಗೆದ್ದ ಮುಖವಲ್ಲ ಅದು. ಪುಸ್ತಕ ಮುಚ್ಚಿ, "ಇರಲಿ ಬಿಡಿ" ಎಂದು ಊಟಕ್ಕೆ ಎದ್ದಳು. ಹೆಂಡತಿ ಇಷ್ಟು ಸುಲಭದಲ್ಲಿ ಇರಲಿ ಬಿಡಿ ಎಂದದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು.

ಮರುದಿನದಿಂದ ವಿಚಿತ್ರವಾದ ಪ್ರಶ್ನೆಗಳು ಶುರುವಾದವು. ಇವತ್ತು ಯಾವ ವಾರ? ಬೆಳಿಗ್ಗೆ ತಿಂಡಿಗೆ ಎಂತ ಇತ್ತು? ಮೇಲಿನ ಮನೆಯವರ ಸೊಸೆಯ ಊರು ಯಾವುದು? ಒಂದು ದಿನ ಚೀಟಿ ಕೊಡದೆ ನನ್ನನ್ನು ಬಂದರಿಗೆ ಕಳಿಸಿದಳು. ಬಂಗುಡೆ, ಹುಣಸೆಹುಳಿ, ಬ್ಯಾಡಗಿ ಮೆಣಸು, ನೆನಪಿಟ್ಟು ತನ್ನಿ ಎಂದಳು. ಮೂರನ್ನೂ ತಂದೆ. ಅವಳು ಬಂಗುಡೆಯ ಕಿವಿರು ಬಿಡಿಸಿ ನೋಡಿ, "ನಿನ್ನೆಯದ್ದು. ಮೀನು ಆರಿಸ್ಲಿಕ್ಕೂ ಮರೆತುಹೋಯ್ತಾ ನಿಮಗೆ?" ಎಂದಳು. ದನಿಯಲ್ಲಿ ಗೇಲಿ ಇರಲಿಲ್ಲ.

"ಎಂತ ಮಾರಾಯ್ತಿ, ನಾನೇನು ನಿನ್ನ ಪೇಷಂಟಾ?" ಎಂದು ನಾನು ಕೂಗಾಡಿದೆ.

ಅವಳು ಮೀನಿನ ಕತ್ತಿಯನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡಳು. "ನನಗೆ ಹೆದರಿಕೆ ಆಗ್ತದೆ" ಎಂದಳು. ಅವಳ ವಾರ್ಡಿಗೆ ಬರುತ್ತಿದ್ದ ಎಷ್ಟೋ ಮುದುಕರಿಗೆ ಹೀಗೆಯೇ ಶುರುವಾಗುತ್ತಿತ್ತಂತೆ. ಇಲ್ಲದ್ದನ್ನು ಇದೆ ಎನ್ನುತ್ತಿದ್ದರಂತೆ, ತೋರಿಸಿದರೂ ಒಪ್ಪುತ್ತಿರಲಿಲ್ಲವಂತೆ, ಕೇಳಿದರೆ ಸಿಟ್ಟು ಮಾಡುತ್ತಿದ್ದರಂತೆ. ಕೊನೆಕೊನೆಗೆ, ನೋಡಲು ಬಂದ ಹೆಂಡತಿಯನ್ನೇ ಯಾರು ಎಂದು ಕೇಳುತ್ತಿದ್ದರಂತೆ. "ನೀವು ಎಷ್ಟು ತಿಂಗಳಿಂದ ಪುಸ್ತಕದಲ್ಲಿ ಇಲ್ಲದ್ದು ಓದ್ತಿದ್ದೀರಿ ಗೊತ್ತುಂಟಾ? ನಾನು ಸುಮ್ಮನಿದ್ದೆ. ಒಂದೆರಡು ಶಬ್ದ ಅಲ್ವಾ ಅಂತ ಬಿಟ್ಟೆ. ಈ ಸಲ ಬಾಗಿಲೇ ತೆಗೆದುಬಿಟ್ರಿ."

ಆ ಮಾತು ಕೇಳಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಇಲ್ಲದ ಮಾತನ್ನು ನಾನು ಬರೀ ಹೇಳಿರಲಿಲ್ಲವಲ್ಲ, ಕಣ್ಣಿನಿಂದ ಕಂಡಿದ್ದೆ. ಅಲ್ಲಿಂದ ಮುಂದೆ ಪ್ರತಿದಿನ ಎದ್ದ ಕೂಡಲೇ ಹಲ್ಲುಜ್ಜುತ್ತಾ ನನ್ನ ಶಾಲೆಯ ಮೇಷ್ಟ್ರುಗಳ ಹೆಸರನ್ನು ಒಂದರಿಂದ ಏಳನೆಯ ಕ್ಲಾಸಿನವರೆಗೆ ಹೇಳಿಕೊಳ್ಳತೊಡಗಿದೆ. ಐದನೆಯ ಕ್ಲಾಸಿನ ಗಣಿತದ ಮೇಷ್ಟ್ರ ಹೆಸರು ನೆನಪಾಗದೆ ಒಂದು ದಿನವಿಡೀ ಊಟ ಸೇರಲಿಲ್ಲ. ಸಂಜೆಯ ಓದು ನಿಂತುಹೋಯಿತು. ನಿಲ್ಲಿಸಿ ಎಂದು ಅವಳು ಹೇಳಲಿಲ್ಲ, ಓದಿ ಎಂದೂ ಹೇಳಲಿಲ್ಲ. ಪ್ರಾರ್ಥನೆ ಮುಗಿಸಿ ಇಬ್ಬರೂ ಟಿವಿಯಲ್ಲಿ ಯಾವುದೋ ಅಡುಗೆ ಕಾರ್ಯಕ್ರಮ ನೋಡುತ್ತಾ ಕೂರುತ್ತಿದ್ದೆವು. ಕಪಾಟಿನ ಕಡೆ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಆ ನಲವತ್ತು ಪುಸ್ತಕ ಹೋದರೆ ನನ್ನಲ್ಲಿ ಉಳಿಯುವುದು ಬೇರೆ ಏನೂ ಇರಲಿಲ್ಲ.

ಕೊನೆಗೆ ಅವಳೇ ಕೊಡಿಯಾಲ್‌ಬೈಲಿನಲ್ಲಿ ನರರೋಗದ ಡಾಕ್ಟರೊಬ್ಬರ ಹತ್ತಿರ ಸಮಯ ಗೊತ್ತು ಮಾಡಿದಳು. ಸಣ್ಣ ವಯಸ್ಸಿನ ಡಾಕ್ಟರಮ್ಮ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಅರ್ಧ ಗಂಟೆ ತಡವಾಗಿ ಹೋದರೂ ಗದರಲಿಲ್ಲ. ತಾರೀಕು ಕೇಳಿದರು, ಹೇಳಿದೆ. ಐದು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಎರಡರವರೆಗೂ ಇಳಿದು ಬಂದೆ. ಐದು ಶಬ್ದಗಳನ್ನು ಹೇಳಿದ ಕ್ರಮದಲ್ಲೂ ಹೇಳಿದೆ, ಜಂಬಕ್ಕೆ ಹಿಂದುಮುಂದಾಗಿಯೂ ಹೇಳಿದೆ. ಹೆಂಡತಿ ಪಕ್ಕದಲ್ಲಿ ಕುಳಿತು ತನ್ನ ಬ್ಯಾಗಿನ ಪಟ್ಟಿಯನ್ನು ತಿರುಚುತ್ತಿದ್ದಳು.

ಆಮೇಲೆ ಡಾಕ್ಟರಮ್ಮ ಒಂದು ಅಚ್ಚಾದ ಹಾಳೆ ಕೊಟ್ಟು, "ಇದನ್ನು ಸ್ವಲ್ಪ ಓದಿ ಸರ್" ಎಂದರು.

ಹಾಳೆ ಹಿಡಿದೆ. ಹತ್ತಿರ ತಂದೆ. ದೂರ ಹಿಡಿದೆ. ಕಿಟಕಿಯ ಕಡೆ ತಿರುಗಿದೆ. "ನಿಮ್ಮ ಈ ಹಾಳೆಯ ಅಚ್ಚು ಸರಿ ಬರಲಿಲ್ಲ" ಎಂದೆ. ಮೂವತ್ತು ವರ್ಷದ ಅನುಭವದ ಮಾತು.

ಅವರು ಎದ್ದು ಬಂದು ಸಣ್ಣ ಟಾರ್ಚಿನಿಂದ ನನ್ನ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. "ಅಮ್ಮ, ಇವರ ಕಣ್ಣು ತೋರಿಸದೆ ಎಷ್ಟು ಸಮಯ ಆಯ್ತು?" ಎಂದು ಹೆಂಡತಿಯನ್ನು ಕೇಳಿದರು.

"ಕಣ್ಣಾ? ಕಣ್ಣಿಗೆ ಎಂತ ಇಲ್ಲ ಡಾಕ್ಟ್ರೆ. ದಿನಾ ಸಂಜೆ ಒಂದು ಗಂಟೆ ಓದ್ತಿದ್ರು."

"ಎಂತ ಓದ್ತಿದ್ರು?"

"ಹಳೆ ಕಾದಂಬರಿ. ಓದಿದ್ದನ್ನೇ ಓದ್ತಾರೆ..." ಎಂದವಳು ಅರ್ಧದಲ್ಲಿ ನಿಲ್ಲಿಸಿ ನನ್ನ ಕಡೆ ತಿರುಗಿದಳು. ನಾನೂ ಅವಳ ಕಡೆ ತಿರುಗಿದೆ.

ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಎರಡು ವರ್ಷದಿಂದಲೇ ಕಾಣುವುದು ಕಮ್ಮಿಯಾಗಿರಬೇಕು ಎಂದರು ಆಮೇಲೆ ನೋಡಿದ ಕಣ್ಣಿನ ಡಾಕ್ಟರು. ಬೇರೆ ಯಾರೇ ಆದರೂ ಮೊದಲ ಆರು ತಿಂಗಳಲ್ಲೇ ಓಡಿ ಬರುತ್ತಿದ್ದರಂತೆ. ನಾನು ಮಾತ್ರ ಬಲ್ಬು ಮಾಡುವವರನ್ನು ಬೈಯುತ್ತಾ ಎರಡು ಸಲ ಬಲ್ಬು ಬದಲಿಸಿದೆ. ಸುದ್ದಿಯೆಲ್ಲ ಹೊಲಸು ಎಂದು ಪೇಪರು ನಿಲ್ಲಿಸಿದೆ. ಸಂಜೆಗೆ ನನ್ನ ಹಳೆಯ ಕಾದಂಬರಿ ಬಿಡಿಸಿ, ಮಸುಕು ಗೆರೆಗಳ ಮೇಲೆ ಕಣ್ಣಾಡಿಸುತ್ತಾ ಬಾಯಿಪಾಠ ಒಪ್ಪಿಸಿದೆ. ನನಗೇ ತಿಳಿಯದೆ. ಪುಟ ತಿರುಗಿಸಬೇಕಾದಲ್ಲಿ ಸರಿಯಾಗಿ ತಿರುಗಿಸುತ್ತಿದ್ದೆ ಎಂಬುದೇ ಆಶ್ಚರ್ಯ. ನೆನಪು ತಪ್ಪಿದಲ್ಲಿ ನನ್ನ ಮನಸ್ಸಿಗೆ ಬೇಕಾದದ್ದನ್ನು ಸೇರಿಸಿದ್ದೆ, ಸೇರಿಸಿದ್ದನ್ನೇ ಕಂಡಿದ್ದೆ. ನಮ್ಮ ಪ್ರೆಸ್ಸಿನಲ್ಲಿ ಬರೆದವರಿಗೆ ಅವರದೇ ಪ್ರೂಫ್ ನೋಡಲು ಕೊಡುತ್ತಿರಲಿಲ್ಲ. ಹಾಳೆಯಲ್ಲಿ ಇದ್ದದ್ದು ಅವರಿಗೆ ಕಾಣುವುದಿಲ್ಲ, ತಲೆಯಲ್ಲಿ ಇದ್ದದ್ದು ಕಾಣುತ್ತದೆ. ಈ ಮಾತನ್ನು ಎಷ್ಟು ಲೇಖಕರಿಗೆ ನಾನೇ ಹೇಳಿ ನಕ್ಕಿದ್ದೇನೋ.

ಆಸ್ಪತ್ರೆಯಿಂದ ಬರುವಾಗ ರಿಕ್ಷಾದಲ್ಲಿ ಹೆಂಡತಿ ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಪೊರೆ ತೆಗೆದ ಮೇಲೂ ಹಾಗೇ ಓದಿದ್ರೆ?" ಎಂದಳು. ನರ್ಸುಗಳಿಗೆ ಒಳ್ಳೆಯ ಸುದ್ದಿಯನ್ನು ಪೂರ್ತಿ ನಂಬುವ ಅಭ್ಯಾಸವಿಲ್ಲ. ನನಗೂ ಆ ಪ್ರಶ್ನೆ ಬಾರದೆ ಇರಲಿಲ್ಲ. ಕಣ್ಣು ಸರಿಯಾದ ಮೇಲೂ ಆ ಬಾಗಿಲು ತೆರೆದೇ ಇದ್ದರೆ, ಆಗ ಹೇಳಿಕೊಳ್ಳಲು ನೆಪವೂ ಇರುವುದಿಲ್ಲ.

ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು. ಬಲಗಣ್ಣಿನ ಪಟ್ಟಿ ಬಿಚ್ಚಿದ ಬೆಳಿಗ್ಗೆ ಕಿಟಕಿಯಾಚೆ ನೀರಿನ ಟ್ಯಾಂಕಿನ ಮೇಲೆ ಕುಳಿತ ಕಾಗೆಯ ಕತ್ತು ಬೂದು ಎಂದು ತಿಳಿಯಿತು. ಎರಡು ವರ್ಷ ಅದು ನನಗೆ ಪೂರ್ತಿ ಕಪ್ಪಾಗಿತ್ತು. ಹಜಾರದ ಗೋಡೆಯ ಬಣ್ಣ ಹಳದಿಯಲ್ಲ, ಬಿಳಿ. ಹೆಂಡತಿಯ ಹುಬ್ಬಿನಲ್ಲಿ ನಾಲ್ಕು ಬಿಳಿ ಕೂದಲು. ಅದನ್ನು ಹೇಳಿ ಬೈಸಿಕೊಂಡೆ. ಆದರೆ ಓದಲು ಕನ್ನಡಕ ಬೇಕು, ಎರಡೂ ಕಣ್ಣು ವಾಸಿಯಾಗುವವರೆಗೆ ಕೊಡುವುದಿಲ್ಲ ಎಂದಿದ್ದರು. ಹಾಗಾಗಿ ಕಾಗೆ, ಗೋಡೆ, ಹುಬ್ಬು ನೋಡುತ್ತಾ ಎರಡು ತಿಂಗಳು ಕಳೆದೆ.

ಕನ್ನಡಕ ಬಂದ ದಿನ ನಾನು ನೇರವಾಗಿ ಕಪಾಟಿಗೆ ಕೈ ಹಾಕಿದೆ. ಹೆಂಡತಿ ತಡೆದಳು.

"ಅದು ಯಾವುದೂ ಬೇಡ. ನಿಮಗೆ ಬಾಯಿಪಾಠ ಇಲ್ಲದ್ದು ಓದಿ."

ಮಾತು ಸರಿ. ಆದರೆ ಮನೆಯಲ್ಲಿ ನಾನು ಓದದ ಪುಸ್ತಕವೇ ಇರಲಿಲ್ಲ. ಇಗರ್ಜಿಯ ಗ್ರಂಥಾಲಯಕ್ಕೆ ಹೋಗಿ ನಾನೇ ಕೊಟ್ಟ ಹೊಸ ಪುಸ್ತಕವೊಂದನ್ನು ತರಬಹುದಿತ್ತು, ಅವಳು ಅದನ್ನೇ ಹೇಳಿದಳು. ನಾನು ಒಪ್ಪಲಿಲ್ಲ. ಪರೀಕ್ಷೆಯೇ ಆಗಬೇಕಾದರೆ ಹಳೆಯ ಪುಸ್ತಕದಲ್ಲೇ ಆಗಲಿ, ಪಾಸಾದರೂ ಫೇಲಾದರೂ ಓದಿದ ಸುಖವಾದರೂ ಇರುತ್ತದೆ ಎಂದೆ. "ಪರೀಕ್ಷೆಯಲ್ಲೂ ನಿಮ್ಮದು ಚೌಕಾಸಿ" ಎಂದು ಅವಳು ಚಪ್ಪಲಿ ಮೆಟ್ಟಿದಳು.

ತೊಕ್ಕೊಟ್ಟಿನಲ್ಲಿ ಹಳೆಯ ಪಠ್ಯಪುಸ್ತಕ ಮಾರುವ ಅಂಗಡಿಯೊಂದಿದೆ. ಬಸ್ಸು ನೇತ್ರಾವತಿ ಸೇತುವೆ ದಾಟುವಾಗ ದೋಣಿಯಲ್ಲಿ ನಿಂತವನು ಬಲೆ ಎಳೆಯುವುದು ಕಂಡಿತು, ಬಲೆಯ ಎಳೆಗಳೂ ಕಂಡವು ಎಂದು ನಾನು ಹೆಂಡತಿಗೆ ಕೊಚ್ಚಿಕೊಂಡೆ. ಎಳೆಗಳು ಕಾಣಲು ಸಾಧ್ಯವೇ ಇಲ್ಲ ಎಂದು ಅವಳ ಮುಖ ಮತ್ತೆ ಗಂಭೀರವಾಯಿತು. ಸುಳ್ಳು ಹೇಳಿದೆ ಎಂದು ತಕ್ಷಣ ಒಪ್ಪಿಕೊಂಡೆ. ಆ ದಿನಗಳಲ್ಲಿ ಮನೆಯಲ್ಲಿ ತಮಾಷೆ ಮಾಡುವುದೂ ಅಪಾಯಕರವಾಗಿತ್ತು.

"ಕಾದಂಬರಿ, ಕಥೆ ಎಲ್ಲ ಯಾರೂ ತೆಗೊಳ್ಳುದಿಲ್ಲ ಮಾರಾಯ್ರೆ, ಗೈಡ್ ಬೇಕಾದ್ರೆ ಉಂಟು" ಎಂದ ಅಂಗಡಿಯವನು. ಗೈಡ್‌ಗಳ ಹಿಂದೆ, ಕೆಳಗಿನ ಸಾಲಿನಲ್ಲಿ, ಹತ್ತು ಹನ್ನೆರಡು ಹಳೆಯ ಪುಸ್ತಕಗಳಿದ್ದವು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು ಬೆನ್ನಿನ ಮೇಲಿನ ಹೆಸರುಗಳನ್ನು ಓದಿದೆ. ಓದಿದ್ದು, ಓದಿದ್ದು, ಓದಿದ್ದು. ಒಂದು ಮಾತ್ರ ಹೊಸದು, ಅಂದರೆ ನನಗೆ ಹೊಸದು. ಅಚ್ಚಾಗಿ ಅರವತ್ತು ವರ್ಷವಾದರೂ ಆಗಿರಬೇಕು. ಒಂಬತ್ತು ಕಥೆಗಳು. ಬರೆದವರ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಮೊದಲ ಹಾಳೆಯಲ್ಲಿ ಯಾವುದೋ ಹೈಸ್ಕೂಲಿನ ಓಟದ ಸ್ಪರ್ಧೆಯಲ್ಲಿ ಎರಡನೆಯ ಬಹುಮಾನ ಎಂದು ಮೊಹರಿತ್ತು. ಓಡಿದವನು ಒಂದು ಪುಟವನ್ನೂ ಬಿಡಿಸಿರಲಿಲ್ಲ, ಕೆಲವು ಹಾಳೆಗಳು ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದವು.

ಮಧ್ಯಾಹ್ನ ಊಟ ಮುಗಿಸಿ ಹಜಾರದ ಬೆಂಚಿನ ಮೇಲೆ ಇಬ್ಬರೂ ಒತ್ತಿ ಕುಳಿತೆವು. ಹೇಗೆ ಮಾಡಬೇಕೆಂದು ನಾನೇ ಹೇಳಿಕೊಟ್ಟೆ. ಪ್ರೆಸ್ಸಿನಲ್ಲಿ ಪ್ರೂಫ್ ನೋಡಲು ಇಬ್ಬರು ಬೇಕು. ಒಬ್ಬ ಗಟ್ಟಿಯಾಗಿ ಓದುತ್ತಾ ಹೋಗಬೇಕು, ಇನ್ನೊಬ್ಬ ಸಾಲಿನ ಕೆಳಗೆ ಪೆನ್ಸಿಲ್ ಇಟ್ಟುಕೊಂಡು ಹಿಂಬಾಲಿಸಬೇಕು. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಪೆನ್ಸಿಲಿನವನು 'ನಿಲ್ಲಿ' ಎನ್ನಬೇಕು. ದಾಕ್ಷಿಣ್ಯ ಮಾಡಬಾರದು. "ಮಾಡುದಿಲ್ಲ" ಎಂದಳು ಅವಳು, ಕ್ರೋಶ ಕಡ್ಡಿಯನ್ನೇ ಪೆನ್ಸಿಲಿನಂತೆ ಹಿಡಿದು.

ಕಥೆ ಒಬ್ಬ ಕೊಡೆ ರಿಪೇರಿಯವನದು. ಮಳೆಗಾಲದ ಮೊದಲ ವಾರ ಒಬ್ಬಳು ಕೊಡೆ ಕೊಟ್ಟು ಹೋಗುತ್ತಾಳೆ, ಹಿಂದೆ ಬರುವುದಿಲ್ಲ. ನಾನು ಓದತೊಡಗಿದೆ. ಪ್ರೆಸ್ಸಿನ ಅಭ್ಯಾಸದಲ್ಲಿ "ಅಲ್ಪವಿರಾಮ", "ಪೂರ್ಣವಿರಾಮ" ಎಂದೂ ಹೇಳುತ್ತಾ ಹೋದೆ. ಅವಳ ಕಡ್ಡಿ ಅಕ್ಷರ ಅಕ್ಷರಕ್ಕೂ ನಿಂತು ನಿಂತು ಬರುತ್ತಿತ್ತು. ಅವಳಿಗಾಗಿ ನಾನೂ ನಿಧಾನ ಮಾಡಿದೆ. ಮೊದಲ ಪುಟ ಮುಗಿಯಿತು. ಎರಡನೆಯ ಪುಟದ ನಡುವೆ ಅವಳು "ನಿಲ್ಲಿ" ಎಂದಳು.

ನಾನು ಓದಿದ ಸಾಲನ್ನೇ ಮತ್ತೆ ನೋಡಿದೆ.

"ಅಲ್ಲ, ನೀವು ಸರಿ ಓದಿದ್ದು. ನಾನು ಒಂದು ಸಾಲು ಕೆಳಗೆ ಹೋಗಿದ್ದೆ" ಎಂದಳು.

ಮೂರನೆಯ ಪುಟ, ನಾಲ್ಕನೆಯ ಪುಟ. ಅವಳು ನಿಲ್ಲಿಸಲಿಲ್ಲ. ಅಕ್ಷರಗಳು ಒಂದೊಂದೂ ಅಚ್ಚಿನ ಸೀಸದ ಮೊಳೆಯಿಂದ ಒತ್ತಿದ್ದು ಹಾಗೇ ಕಾಣುತ್ತಿತ್ತು, ಶಾಯಿ ಹಿಂದಿನ ಪುಟಕ್ಕೆ ಮೂಡಿದ್ದೂ ಕಾಣುತ್ತಿತ್ತು. ಮುಂದೇನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟು ವರ್ಷದ ಮೇಲೆ ಗೊತ್ತಿಲ್ಲದೆ ಓದುತ್ತಿದ್ದೆ! ಕೊಡೆಯವನು ಅಂಗಡಿ ಬದಲಿಸಬೇಕಾಗಿ ಬಂದು ಆ ಒಂದು ಕೊಡೆಯನ್ನು ಏನು ಮಾಡುವುದೆಂದು ಯೋಚಿಸುವಲ್ಲಿಗೆ ಬಂದಾಗ ನಾನು ವಿರಾಮಚಿಹ್ನೆ ಹೇಳುವುದನ್ನೂ ಮರೆತಿದ್ದೆ. ಐದನೆಯ ಪುಟ ತಿರುಗಿಸಿದೆ.

ಆಗ ನೋಡಿದರೆ ಕಡ್ಡಿ ಸಾಲಿನ ಮೇಲೆ ಇರಲಿಲ್ಲ. ಅವಳ ಮಡಿಲಿಗೆ ಬಿದ್ದಿತ್ತು. ಅವಳ ತಲೆ ನನ್ನ ಭುಜಕ್ಕೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ರೆ. ಅವಳು ಹಗಲು ಮಲಗುವವಳಲ್ಲ. ಆ ನಾಲ್ಕೈದು ತಿಂಗಳು ಅವಳು ರಾತ್ರಿಯಾದರೂ ಸರಿಯಾಗಿ ಮಲಗಿದ್ದಳೋ ಇಲ್ಲವೋ, ನಾನು ಕೇಳಿರಲೇ ಇಲ್ಲ. ನನ್ನ ಹೆದರಿಕೆಯೇ ನನಗೆ ದೊಡ್ಡದಾಗಿತ್ತು. ನನಗೆ ಅಳು ಬಂತು, ಡಾಕ್ಟರು ಕಣ್ಣಿಗೆ ನೀರು ತಾಗಿಸಬೇಡಿ ಎಂದದ್ದು ನೆನಪಾಗಿ ನಗುವೂ ಬಂತು. ಭುಜ ಅಲುಗದಂತೆ ಕಥೆಯನ್ನು ಕೊನೆಯವರೆಗೆ ಮನಸ್ಸಿನಲ್ಲೇ ಓದಿ ಮುಗಿಸಿದೆ.

ಮುಕ್ಕಾಲು ಗಂಟೆಯ ಮೇಲೆ ಅವಳು ಎಚ್ಚರವಾಗಿ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಕಡೆಗೆ ಎಂತ ಆಯ್ತು? ಅವಳು ಬಂದಳಾ?" ಎಂದು ಕೇಳಿದಳು.

"ನೀನು ಬಿಟ್ಟಲ್ಲಿಂದ ಮತ್ತೆ ಓದ್ತೇನೆ. ಕಡ್ಡಿ ಹಿಡಿ" ಎಂದು ಪುಟ ಹಿಂದಕ್ಕೆ ತಿರುಗಿಸಿದೆ.

"ಕಡ್ಡಿ ಬೇಡ ಮಾರಾಯ್ರೆ. ಬಾಯಲ್ಲೇ ಹೇಳಿ ಸಾಕು" ಎಂದಳು. ಕಾಲು ಮೇಲಕ್ಕೆಳೆದು ಕುಳಿತಳು. "ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತೊಂದರೆ ಇಲ್ಲ."

ನಾನು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಹೇಳಲು ಶುರುಮಾಡಿದೆ.